ಗಾಜಿನ ಮೈ, ದೇಹದ ಬಾಗಿಲು

ಮುಳಬಾಗಿಲಿನಿಂದ ಪೂರ್ವಕ್ಕೆ ಹೊರಟ ಹೆದ್ದಾರಿ ಆಂಧ್ರಪ್ರದೇಶವನ್ನು ಸೇರುವ ಮುನ್ನ ನಂಗಲಿಯನ್ನು ಹಾದುಹೋಗುತ್ತದೆ. ಹೊಯ್ಸಳ ವಿಷ್ಣುವರ್ಧನನ ಶಾಸನಗಳು ಅವನ ರಾಜ್ಯದ ಎಲ್ಲೆಗಳನ್ನು ಹೇಳುವಾಗ ಪೂರ್ವದಲ್ಲಿ ನಂಗಲಿಯ ಘಟ್ಟವನ್ನು ಹೆಸರಿಸುತ್ತವೆ. ಮುಳಬಾಗಿಲು ಎಂಬ ಹೆಸರಾದರೂ ‘ಮೂಡಲ ಬಾಗಿಲು’ ಎಂಬುದರಿಂದಲೇ ಬಂದದ್ದು. ಹೀಗೆ ಎಲ್ಲೆ ಮತ್ತು ಬಾಗಿಲು ಎಂಬ ಎರಡು ಮಾತುಗಳು ಈ ಸೀಮೆಯ ಹೆಸರಿನಲ್ಲಿಯೇ ಬೆರೆತಿವೆ. ನಾನು ಹುಡುಗನಾಗಿದ್ದಾಗ ಗಡಿಯ ತಪಾಸಣೆಗೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಲಾರಿಯೊಳಗೆ ಏನಿದೆ ಎಂಬುದು ಆಮೇಲಿನ ಮಾತು. ಮೊದಲು ಹೊರಗೆ ಕಾಣುವುದನ್ನು ನೋಡಿಯೇ ಬಿಡುವುದೋ ತಡೆಯುವುದೋ ತೀರ್ಮಾನವಾಗುತ್ತಿತ್ತು.

ಆ ದಿನಗಳ ಎರಡು ನೆನಪುಗಳು ಈ ಲೇಖನಕ್ಕೆ ಕಾರಣ. ಒಂದು, ಆಸ್ಪತ್ರೆಯಲ್ಲಿ ಕಾಂಪೌಂಡರು ಕುದಿಯುವ ನೀರಿನಿಂದ ಚಿಮಟದಲ್ಲಿ ಎತ್ತುತ್ತಿದ್ದ ಗಾಜಿನ ಸಿರಿಂಜು. ಇನ್ನೊಂದು, ನಮ್ಮ ಬೀದಿಯ ಜಗಲಿಯ ಮೇಲೆ ಸಂಜೆಯ ಹೊತ್ತು ಕೂರುತ್ತಿದ್ದ ಒಬ್ಬ ತಾತ. ಚಿನ್ನದ ಗಣಿಯ ಸುರಂಗದಲ್ಲಿ ದುಡಿದು ಬಂದವರು. ನಾಲ್ಕು ಹೆಜ್ಜೆ ನಡೆದರೆ ನಿಂತು ಏದುಸಿರು ಬಿಡುತ್ತಿದ್ದರು. “ಏನು ತಾತ, ಕೆಮ್ಮು ಇನ್ನೂ ಹೋಗಲಿಲ್ಲವಾ?” ಎಂದು ಕೇಳಿದರೆ, “ಕಲ್ಲಿನ ಧೂಳು ಕುಡಿದಿದೀನಿ ಕಣಪ್ಪ, ಅದು ಹೋಗೋದಲ್ಲ” ಎನ್ನುತ್ತಿದ್ದರು.

ಮುಂದೆ ವಿಜ್ಞಾನದ ವಿದ್ಯಾರ್ಥಿಯಾದ ಮೇಲೆ ತಿಳಿಯಿತು: ಆ ಸಿರಿಂಜಿನ ಗಾಜು ಮತ್ತು ತಾತನ ಎದೆಯೊಳಗಿನ ಕಲ್ಲಿನ ಧೂಳು ಎರಡರಲ್ಲೂ ಮುಖ್ಯವಾದ ಪದಾರ್ಥ ಒಂದೇ, ಸಿಲಿಕಾ. ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದದ್ದು. ಒಂದು ನಮಗೆ ಮದ್ದು ತಂದಿತು, ಇನ್ನೊಂದು ಉಸಿರು ಕಸಿಯಿತು. ಇದೇ ಸಿಲಿಕಾ ಇನ್ನೊಂದು ರೂಪದಲ್ಲಿ ಮೂಳೆಯೊಡನೆ ಬೆಸೆದುಕೊಳ್ಳುತ್ತದೆ. ಇದು ಹೇಗೆ ಸಾಧ್ಯ? ಉತ್ತರದ ದೊಡ್ಡ ಭಾಗ ಅಡಗಿರುವುದು ಪದಾರ್ಥದ ಒಡಲಿನಲ್ಲಲ್ಲ, ಅದರ ಮೈಯಲ್ಲಿ. ದೇಹಕ್ಕೆ ಒಗ್ಗುವಂತೆ ಗಾಜಿನ ಮೈಯನ್ನು ಬದಲಿಸಲು ಹೊರಟ ಪ್ರಯತ್ನಗಳು ಯಾವುವು, ಯಾವುದು ಗೆದ್ದಿತು, ಯಾವುದು ಸೋತಿತು, ಏಕೆ ಎಂಬುದನ್ನು ಇಲ್ಲಿ ನೋಡೋಣ.

ಒಂದು ಹನಿ ನೀರಿನ ಪ್ರಯೋಗ

ಓದುವುದಕ್ಕೆ ಮೊದಲು ಒಂದು ಸಣ್ಣ ಪ್ರಯೋಗ ಮಾಡಿ. ಶಾಲೆಯ ಪ್ರಯೋಗಾಲಯದಲ್ಲಿ ಸಿಗುವ ಎರಡು ಗಾಜಿನ ಸ್ಲೈಡುಗಳನ್ನು ಸೋಪಿನಿಂದ ಚೆನ್ನಾಗಿ ತೊಳೆದು ಒಣಗಿಸಿ. ಒಂದರ ಮೇಲೆ ಮೇಣದ ಬತ್ತಿಯನ್ನು ಉಜ್ಜಿ. ಈಗ ಎರಡರ ಮೇಲೂ ಒಂದೊಂದು ಹನಿ ನೀರು ಬಿಡಿ. ಶುಭ್ರವಾದ ಗಾಜಿನ ಮೇಲೆ ಹನಿ ಹರಡಿಕೊಳ್ಳುತ್ತದೆ. ಮೇಣ ಸವರಿದ ಗಾಜಿನ ಮೇಲೆ ಅದು ಕೆಸುವಿನ ಎಲೆಯ ಮೇಲಿನ ಹನಿಯಂತೆ ಗುಂಡಗೆ ನಿಲ್ಲುತ್ತದೆ.

ಎರಡೂ ಸ್ಲೈಡುಗಳ ಒಡಲು ಒಂದೇ ಗಾಜು. ಬದಲಾದದ್ದು ಮೇಲಿನ ತೆಳು ಪದರ ಮಾತ್ರ. ಆದರೆ ನೀರಿನ ಹನಿಗೆ ಒಡಲು ಗೊತ್ತಿಲ್ಲ. ಅದಕ್ಕೆ ಎದುರಾಗುವುದು ಮೇಲಿನ ಪದರವೇ. ಗಾಜಿನ ಮೇಲ್ಮೈಯಲ್ಲಿ ಸಿಲಿಕಾನ್ ಪರಮಾಣುಗಳಿಗೆ ಅಂಟಿಕೊಂಡ ಹೈಡ್ರಾಕ್ಸಿಲ್ ಗುಂಪುಗಳಿರುತ್ತವೆ. ಆಮ್ಲಜನಕ ಮತ್ತು ಜಲಜನಕದ ಈ ಜೋಡಿ ನೀರನ್ನು ತನ್ನತ್ತ ಸೆಳೆಯುತ್ತದೆ. ರಕ್ತದಂತಹ ದ್ರವದಲ್ಲಿ ಈ ಗುಂಪುಗಳಲ್ಲಿ ಕೆಲವು ಜಲಜನಕವನ್ನು ಬಿಟ್ಟುಕೊಟ್ಟು ಋಣ ವಿದ್ಯುದಂಶ ಪಡೆಯುತ್ತವೆ. ಈ ಎರಡು ಗುಣಗಳನ್ನು ನೆನಪಿನಲ್ಲಿಡಿ. ಮುಂದಿನ ಕಥೆಯೆಲ್ಲ ಇವುಗಳ ಸುತ್ತಲೇ ಇದೆ.

ರಕ್ತಕ್ಕೆ ಗಾಜಿನ ಪರಿಚಯ

ಶಸ್ತ್ರಚಿಕಿತ್ಸೆಯಲ್ಲಿ ಕ್ರಿಮಿನಾಶಕದ ಬಳಕೆಗೆ ದಾರಿ ಮಾಡಿದ ಜೋಸೆಫ್ ಲಿಸ್ಟರ್ ಅವರ ಹೆಸರನ್ನು ನೀವು ಕೇಳಿರುತ್ತೀರಿ. ಆ ಕೆಲಸಕ್ಕೂ ಮೊದಲು, 1863ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅವರು ರಕ್ತ ಹೆಪ್ಪುಗಟ್ಟುವ ವಿಷಯವಾಗಿ ಉಪನ್ಯಾಸ ನೀಡಿದ್ದರು. ಪ್ರಾಣಿಯ ರಕ್ತನಾಳದ ಎರಡೂ ತುದಿಗಳನ್ನು ಕಟ್ಟಿ ಹೊರತೆಗೆದರೆ ಒಳಗಿನ ರಕ್ತ ಬಹಳ ಹೊತ್ತು ದ್ರವವಾಗಿಯೇ ಉಳಿಯುತ್ತದೆ. ಅದೇ ರಕ್ತವನ್ನು ಗಾಜಿನ ಪಾತ್ರೆಗೆ ಸುರಿದರೆ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಹಾಗಾದರೆ ಹೆಪ್ಪುಗಟ್ಟಿಸುವುದು ಗಾಳಿಯೂ ಅಲ್ಲ, ತಂಪೂ ಅಲ್ಲ. ಪರಕೀಯ ವಸ್ತುವಿನ ಸ್ಪರ್ಶ ಎಂಬುದು ಅವರ ವಾದ.

ಸ್ಪರ್ಶವೇ ಕಾರಣವಾದರೆ ಸ್ಪರ್ಶವನ್ನು ತಪ್ಪಿಸಬಹುದಲ್ಲವೇ? 1886ರಲ್ಲಿ ವಿಯೆನ್ನಾದ ಅರ್ನ್‌ಸ್ಟ್ ಫ್ರಾಯಿಂಡ್ ಪಾತ್ರೆಯ ಒಳಮೈಗೆ ವ್ಯಾಸಲೀನ್ ಸವರಿ ಅದರಲ್ಲಿ ರಕ್ತ ಹಿಡಿದರು. ರಕ್ತ ಹೆಪ್ಪುಗಟ್ಟುವುದು ಬಹಳ ತಡವಾಯಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬೆಲ್ಜಿಯಂನ ಬೋರ್ಡೆ ಮತ್ತು ಝಾಂಗೂ ಪ್ಯಾರಫಿನ್ ಮೇಣ ಬಳಿದ ನಳಿಕೆಗಳಿಂದ ಇದೇ ಫಲಿತಾಂಶ ಪಡೆದರು. ನಾವು ಈಗತಾನೇ ಮಾಡಿದ ಮೇಣದ ಬತ್ತಿಯ ಪ್ರಯೋಗವನ್ನು ಅವರು ರಕ್ತದೊಡನೆ ಮಾಡಿದ್ದರು ಎಂದರೆ ತಪ್ಪಾಗಲಾರದು.

ಆದರೆ ಮೇಣ ಬಿಸಿಗೆ ಕರಗುತ್ತದೆ, ಉಜ್ಜಿದರೆ ಕಿತ್ತುಬರುತ್ತದೆ. ಆಸ್ಪತ್ರೆಯಲ್ಲಿ ಕುದಿಸಿ ಶುದ್ಧಿ ಮಾಡಬೇಕಾದ ಪಾತ್ರೆಗೆ ಅದು ಹೊಂದುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಿಲಿಕೋನ್ ಎಂಬ ಹೊಸ ಬಗೆಯ ಸಂಯುಕ್ತಗಳು ಬಳಕೆಗೆ ಬಂದವು. 1946ರಲ್ಲಿ ಕೆನಡಾದ ಜಾಕ್ಸ್ ಮತ್ತು ಅವರ ಸಂಗಡಿಗರು ಸಿಲಿಕೋನ್ ಲೇಪಿಸಿದ ಗಾಜಿನಲ್ಲಿ ರಕ್ತ ನಿಧಾನವಾಗಿ ಹೆಪ್ಪುಗಟ್ಟುವುದನ್ನು ಪ್ರಕಟಿಸಿದರು. ಇಲ್ಲಿ ನಡೆಯುವುದು ಬರೀ ಬಳಿಯುವ ಕೆಲಸವಲ್ಲ. ಮೀಥೈಲ್ ಕ್ಲೋರೋಸಿಲೇನ್ ಎಂಬ ವಸ್ತುವಿನ ಆವಿ ಗಾಜಿನ ಮೇಲಿರುವ ಹೈಡ್ರಾಕ್ಸಿಲ್ ಗುಂಪುಗಳೊಡನೆ ರಾಸಾಯನಿಕವಾಗಿ ಕೂಡಿಕೊಳ್ಳುತ್ತದೆ. ನೀರನ್ನು ಸೆಳೆಯುತ್ತಿದ್ದ ಗುಂಪುಗಳ ಜಾಗದಲ್ಲಿ ನೀರನ್ನು ಒಲ್ಲದ ಮೀಥೈಲ್ ಗುಂಪುಗಳು ಹೊರಮುಖವಾಗಿ ನಿಲ್ಲುತ್ತವೆ. ಲೇಪನವು ಗಾಜಿಗೆ ಬೆಸೆದುಕೊಂಡಿರುವುದರಿಂದ ಸುಲಭವಾಗಿ ಕಿತ್ತುಬರುವುದಿಲ್ಲ. ಗಾಜಿನ ಮೈಯನ್ನು ಕೆಲವೇ ಅಣುಗಳಷ್ಟು ದಪ್ಪದ ಪದರದಿಂದ ಬದಲಿಸುವ ವಿದ್ಯೆ ಹೀಗೆ ವೈದ್ಯರ ಕೈಗೆ ಬಂದಿತು.

ರೈಲ್ವೆ ನೌಕರನೊಬ್ಬನ ರಕ್ತ

ಗಾಜು ರಕ್ತವನ್ನು ಹೇಗೆ ಕೆಣಕುತ್ತದೆ ಎಂಬುದು ತಿಳಿದದ್ದು ಆಕಸ್ಮಿಕವಾಗಿ. ಅಮೆರಿಕದ ಜಾನ್ ಹೇಗ್‌ಮನ್ ಎಂಬ ರೈಲ್ವೆ ನೌಕರರನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಪರೀಕ್ಷಿಸಿದಾಗ, ಗಾಜಿನ ನಳಿಕೆಯಲ್ಲಿ ಅವರ ರಕ್ತ ಬಹಳ ಹೊತ್ತಾದರೂ ಹೆಪ್ಪುಗಟ್ಟಲಿಲ್ಲ. ಆದರೆ ಗಾಯವಾದಾಗ ಅವರಿಗೆ ಹೆಚ್ಚು ರಕ್ತಸ್ರಾವವಾದ ಉದಾಹರಣೆಯೇ ಇರಲಿಲ್ಲ. 1955ರಲ್ಲಿ ಆಸ್ಕರ್ ರಾಟ್ನಾಫ್ ಮತ್ತು ಜೋನ್ ಕೊಲೋಪಿ ಈ ಒಗಟನ್ನು ಬಿಡಿಸಿ ಪ್ರಕಟಿಸಿದರು. ಎಲ್ಲರ ರಕ್ತದಲ್ಲಿರುವ ಒಂದು ಪ್ರೋಟೀನು ಹೇಗ್‌ಮನ್ ಅವರ ರಕ್ತದಲ್ಲಿರಲಿಲ್ಲ. ಗಾಜಿನಂತಹ ಋಣ ವಿದ್ಯುದಂಶವುಳ್ಳ ಮೈಯನ್ನು ಮುಟ್ಟಿದೊಡನೆ ಎಚ್ಚರಗೊಂಡು, ಹೆಪ್ಪುಗಟ್ಟಿಸುವ ಸರಪಳಿಗೆ ಚಾಲನೆ ಕೊಡುವುದು ಈ ಪ್ರೋಟೀನೇ. ಇದನ್ನು ಹೇಗ್‌ಮನ್ ಅಂಶ ಅಥವಾ ಹನ್ನೆರಡನೆಯ ಅಂಶ ಎನ್ನುತ್ತಾರೆ. ವಿಧಿಯ ವಿಪರ್ಯಾಸವೆಂದರೆ, ಗಾಜಿನಲ್ಲಿ ಹೆಪ್ಪುಗಟ್ಟದ ರಕ್ತವಿದ್ದ ಹೇಗ್‌ಮನ್ 1968ರಲ್ಲಿ ತೀರಿಕೊಂಡದ್ದು ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪುಗಟ್ಟಿದ ರಕ್ತ ಅಡ್ಡಬಂದು. ಗಾಜಿನ ನಳಿಕೆಯಲ್ಲಿ ಕಂಡದ್ದೇ ದೇಹದೊಳಗೂ ನಡೆಯುತ್ತದೆಂದು ಭಾವಿಸಬಾರದು ಎಂಬ ಎಚ್ಚರಿಕೆ ಈ ಘಟನೆಯಲ್ಲಿದೆ.

ಇನ್ನೊಂದು ಮುಖ್ಯ ಸಂಗತಿಯನ್ನು ತೋರಿಸಿಕೊಟ್ಟವರು ಲಿಯೋ ಫ್ರೋಮನ್. ಹಾಲೆಂಡಿನಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ಜಪಾನೀಯರ ಸೆರೆಯಲ್ಲಿದ್ದು, ಬಳಿಕ ಅಮೆರಿಕದಲ್ಲಿ ನೆಲೆಸಿದ ಈ ರಕ್ತವಿಜ್ಞಾನಿ ಡಚ್ ಭಾಷೆಯ ಹೆಸರಾಂತ ಕವಿಯೂ ಹೌದು. ರಕ್ತದ ದ್ರವ ಭಾಗ ಯಾವುದೇ ಮೈಯನ್ನು ಮುಟ್ಟಿದೊಡನೆ ಅದರಲ್ಲಿನ ಪ್ರೋಟೀನುಗಳು ಹೋಗಿ ಅಲ್ಲಿ ಅಂಟಿಕೊಳ್ಳುತ್ತವೆ ಎಂಬುದನ್ನು ಅವರು 1962ರಿಂದ ಅಧ್ಯಯನ ಮಾಡಿದರು. ಮೊದಲು ಅಂಟಿದ ಪ್ರೋಟೀನು ಅಲ್ಲಿಯೇ ಉಳಿಯುವುದಿಲ್ಲ; ಅದನ್ನು ಎಬ್ಬಿಸಿ ಮತ್ತೊಂದು ಬಂದು ಕೂರುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನನ್ನು ಹಿಂದೆ ಬಂದ ಗಟ್ಟಿಗ ಎಬ್ಬಿಸುವುದನ್ನು ನೀವು ನೋಡಿಲ್ಲವೇ? ಹಾಗೆಯೇ ಇದು. ಆದ್ದರಿಂದ ದೇಹದ ಜೀವಕೋಶಗಳು ಗಾಜನ್ನು ನೇರವಾಗಿ ಮುಟ್ಟುವುದು ಅಪರೂಪ. ಅವು ಭೇಟಿಯಾಗುವುದು ಗಾಜಿನ ಮೇಲೆ ಕುಳಿತ ಪ್ರೋಟೀನನ್ನು. ಯಾವ ಪ್ರೋಟೀನು, ಯಾವ ಭಂಗಿಯಲ್ಲಿ ಕೂರುತ್ತದೆ ಎಂಬುದನ್ನು ಮಾತ್ರ ಗಾಜಿನ ಮೈ ನಿರ್ಧರಿಸುತ್ತದೆ.

ಈ ತಿಳಿವಳಿಕೆ ನಮ್ಮ ದಿನಬಳಕೆಗೂ ಬಂದಿದೆ. ರಕ್ತ ಪರೀಕ್ಷೆಗೆ ಹೋದಾಗ ಪ್ಲಾಸ್ಟಿಕ್ ನಳಿಕೆಗಳನ್ನು ಕಂಡಿರುತ್ತೀರಿ. ಗಾಜಿನಲ್ಲಿ ಆಗುವಷ್ಟು ಬೇಗ ಪ್ಲಾಸ್ಟಿಕ್‌ನಲ್ಲಿ ರಕ್ತ ಹೆಪ್ಪುಗಟ್ಟದು. ಆದ್ದರಿಂದ ರಕ್ತ ಹೆಪ್ಪುಗಟ್ಟಲೇಬೇಕಾದ ಪರೀಕ್ಷೆಗಳಿಗೆ ಅಂತಹ ನಳಿಕೆಗಳ ಒಳಮೈಗೆ ಸಿಲಿಕಾದ ನುಣುಪು ಕಣಗಳನ್ನು ಲೇಪಿಸಿರುತ್ತಾರೆ. ಒಂದು ಕಾಲಕ್ಕೆ ಗಾಜನ್ನು ಮರೆಮಾಚಲು ಮೇಣ ಬಳಿದರು. ಇಂದು ಪ್ಲಾಸ್ಟಿಕ್‌ಗೆ ಗಾಜಿನ ಗುಣ ಬರಿಸಲು ಸಿಲಿಕಾ ಬಳಿಯುತ್ತಾರೆ.

ಕೋಲಾರದ ಧೂಳು

ಈಗ ನಮ್ಮ ಜಿಲ್ಲೆಯ ಕಡೆಗೆ ತಿರುಗೋಣ. ಕೋಲಾರದ ಚಿನ್ನ ಇದ್ದದ್ದು ಬೆಣಚುಕಲ್ಲಿನ ಎಳೆಗಳಲ್ಲಿ. ಬೆಣಚುಕಲ್ಲು ಎಂದರೆ ಹೆಚ್ಚು ಕಡಿಮೆ ಶುದ್ಧ ಸಿಲಿಕಾ. ಗಾಜಿನಲ್ಲಿ ಸಿಲಿಕಾದ ಪರಮಾಣುಗಳು ಸಂತೆಯ ಜನರಂತೆ ಕ್ರಮವಿಲ್ಲದೆ ನಿಂತಿರುತ್ತವೆ. ಬೆಣಚುಕಲ್ಲಿನಲ್ಲಿ ಕವಾಯತಿನ ಸಾಲಿನಂತೆ ಕ್ರಮಬದ್ಧವಾಗಿ, ಸ್ಫಟಿಕವಾಗಿ ನಿಂತಿರುತ್ತವೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟಿತು. ಗಣಿಗಳು ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದವು. 2001ರ ಫೆಬ್ರುವರಿ 28ರಂದು ಮುಚ್ಚಿದವು. ಅಷ್ಟೂ ಕಾಲ ತಮಿಳು, ತೆಲುಗು, ಕನ್ನಡ ಮಾತನಾಡುವ ಸಾವಿರಾರು ಕಾರ್ಮಿಕರು ಆ ಕಲ್ಲನ್ನು ಕೊರೆದು, ಸಿಡಿಸಿ, ಒಡೆದು ತೆಗೆದರು.

ಹಾಗೆ ಒಡೆಯುವಾಗ ಏಳುವ ಧೂಳಿನಲ್ಲಿ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಸಣ್ಣ ಕಣಗಳು ಕಣ್ಣಿಗೆ ಕಾಣುವುದಿಲ್ಲ. ಉಸಿರಿನೊಡನೆ ಅವು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಹೋಗುತ್ತವೆ. ಅಲ್ಲಿ ಕಾವಲಿಗಿರುವ ಭಕ್ಷಕ ಕೋಶಗಳು ಧೂಳಿನ ಕಣವನ್ನು ನುಂಗುತ್ತವೆ. ಸಾಮಾನ್ಯ ಧೂಳಾದರೆ ಅಲ್ಲಿಗೆ ಕೆಲಸ ಮುಗಿಯಿತು. ಆದರೆ ಬೆಣಚುಕಲ್ಲಿನ ಕಣದ ಮೈಯಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳು ಜೀವಕೋಶದೊಳಗಿನ ಪೊರೆಗಳನ್ನು ಹರಿಯುತ್ತವೆ. ನುಂಗಿದ ಕೋಶವೇ ಸಾಯುತ್ತದೆ, ಕಣ ಹೊರಬೀಳುತ್ತದೆ, ಇನ್ನೊಂದು ಕೋಶ ಬಂದು ಅದನ್ನು ನುಂಗುತ್ತದೆ. ಈ ಸರದಿ ಮುಗಿಯುವುದೇ ಇಲ್ಲ. ಸುತ್ತಲೂ ಗಾಯದ ಕಲೆಯಂತಹ ಗಡುಸಾದ ಅಂಗಾಂಶ ಬೆಳೆದು ಶ್ವಾಸಕೋಶ ಬಿಗಿಯುತ್ತದೆ. ಇದೇ ಸಿಲಿಕೋಸಿಸ್. ಆಗತಾನೇ ಒಡೆದ ಕಲ್ಲಿನ ಮೈ ಹಳೆಯ ಧೂಳಿಗಿಂತ ಹೆಚ್ಚು ಚುರುಕಾಗಿರುತ್ತದೆ. ಗಣಿಯೊಳಗಿನ ಧೂಳೆಲ್ಲವೂ ಆಗತಾನೇ ಒಡೆದದ್ದೇ.

ಭಾರತದಲ್ಲಿ ಈ ರೋಗದ ವ್ಯಾಪ್ತಿಯನ್ನು ಮೊದಲು ಲೋಕಕ್ಕೆ ತಿಳಿಸಿದ ವರದಿ ಕೋಲಾರ ಚಿನ್ನದ ಗಣಿಗಳದ್ದು. 1947ರಲ್ಲಿ ಕ್ಯಾಪ್ಲನ್ ಮತ್ತು ಬರ್ಡನ್ ಎಂಬುವರು ಅದನ್ನು ನೀಡಿದರು. ಪರೀಕ್ಷಿಸಿದ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಯ ಎದೆಯಲ್ಲಿ ಈ ರೋಗ ಕಂಡುಬಂದಿತ್ತು. 1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸ್ ಅನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ನಮ್ಮ ಬೀದಿಯ ತಾತ ಹೇಳಿದ ಮಾತು ಅಕ್ಷರಶಃ ನಿಜವಾಗಿತ್ತು. ಒಮ್ಮೆ ಹೊಕ್ಕ ಧೂಳು ಹೋಗುವುದಿಲ್ಲ, ಏಕೆಂದರೆ ಬೆಣಚುಕಲ್ಲು ದೇಹದ ದ್ರವದಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ.

ಅಲ್ಯೂಮಿನಿಯಂ ಪುಡಿಯ ಪಾಠ

ಇಲ್ಲಿ ನಿಮಗೊಂದು ಉಪಾಯ ಹೊಳೆಯಬಹುದು. ಗಾಜಿಗೆ ಮೇಣ ಬಳಿದು ರಕ್ತವನ್ನು ಮೆಚ್ಚಿಸಿದಂತೆ, ಧೂಳಿನ ಕಣಕ್ಕೂ ಏನನ್ನಾದರೂ ಬಳಿದು ಅದರ ಮೈಯನ್ನು ಮುಚ್ಚಬಾರದೇಕೆ? ಕೆನಡಾದ ವಿಜ್ಞಾನಿಗಳಿಗೂ ಇದೇ ಹೊಳೆಯಿತು. 1937ರಲ್ಲಿ ಡೆನ್ನಿ, ರಾಬ್ಸನ್ ಮತ್ತು ಇರ್ವಿನ್ ಎಂಬುವರು ಬೆಣಚುಕಲ್ಲಿನ ಧೂಳಿನೊಡನೆ ಅಲ್ಯೂಮಿನಿಯಂ ಪುಡಿಯನ್ನು ಬೆರೆಸಿ ಮೊಲಗಳಿಗೆ ಉಸಿರಾಡಲು ಕೊಟ್ಟಾಗ ರೋಗ ಬರಲಿಲ್ಲವೆಂದು ಪ್ರಕಟಿಸಿದರು. ಆಗಿನ ನಂಬಿಕೆಯ ಪ್ರಕಾರ, ಸಿಲಿಕಾ ನಿಧಾನವಾಗಿ ಕರಗಿ ವಿಷವಾಗುತ್ತದೆ. ಅಲ್ಯೂಮಿನಿಯಂ ಕಣದ ಮೇಲೆ ಪೊರೆಯಂತೆ ಕುಳಿತು ಕರಗದಂತೆ ತಡೆಯುತ್ತದೆ.

1943ರಿಂದ ಒಂಟಾರಿಯೋ ಪ್ರಾಂತದ ಚಿನ್ನದ ಗಣಿಗಳಲ್ಲಿ ಇದು ನಿತ್ಯದ ವಿಧಿಯಾಯಿತು. ಪಾಳಿಗೆ ಇಳಿಯುವ ಮುನ್ನ ಕಾರ್ಮಿಕರು ಬಟ್ಟೆ ಬದಲಿಸುವ ಕೋಣೆಯ ಬಾಗಿಲುಗಳನ್ನು ಮುಚ್ಚಿ, ಕಪ್ಪನೆಯ ಅಲ್ಯೂಮಿನಿಯಂ ಪುಡಿಯನ್ನು ಗಾಳಿಗೆ ಬಿಡುತ್ತಿದ್ದರು. ಅದನ್ನು ಸುಮಾರು ಹತ್ತು ನಿಮಿಷ ಉಸಿರಾಡಬೇಕು. ಪಶ್ಚಿಮ ಆಸ್ಟ್ರೇಲಿಯದ ಚಿನ್ನದ ಗಣಿಗಳಿಗೂ ಈ ಪದ್ಧತಿ ಹರಡಿತು. ಒಂಟಾರಿಯೋದಲ್ಲಿ 1979ರವರೆಗೆ ಇದು ನಡೆಯಿತು. ಸಾವಿರಾರು ಮಂದಿ ಇದಕ್ಕೆ ಒಳಗಾದರು.

ಫಲವೇನಾಯಿತು? ಸಿಲಿಕೋಸಿಸ್‌ನಿಂದ ರಕ್ಷಣೆ ಸಿಕ್ಕಿತೆನ್ನಲು ಆಧಾರ ದೊರೆಯಲಿಲ್ಲ. ಬದಲಾಗಿ, ಈ ಪುಡಿಯನ್ನು ಉಸಿರಾಡಿದವರಲ್ಲಿ ನಡುಕರೋಗವಾದ ಪಾರ್ಕಿನ್ಸನ್ಸ್ ಹೆಚ್ಚಾಗಿ ಕಾಣುತ್ತದೆಂದು 2020ರಲ್ಲಿ ಒಂಟಾರಿಯೋದ ಸಂಶೋಧಕರು ವರದಿ ಮಾಡಿದರು. 2022ರಲ್ಲಿ ಅಲ್ಲಿನ ಸರ್ಕಾರ ಅದನ್ನು ಉದ್ಯೋಗದಿಂದ ಬಂದ ರೋಗವೆಂದು ಒಪ್ಪಿಕೊಂಡು ಕಾರ್ಮಿಕರ ಕ್ಷಮೆ ಕೇಳಿತು.

ಈ ಸೋಲಿನ ಕಾರಣವನ್ನು ಗಮನಿಸಿ. ಮೈಯನ್ನು ಬದಲಿಸಬೇಕೆಂಬ ವಿಚಾರ ಹುಸಿಯಲ್ಲ. ಆದರೆ ಕಣದ ಮೈಗೆ ಪೊರೆ ಕೂತಿತೇ, ಎಷ್ಟು ಕಾಲ ನಿಂತಿತು, ಹಾಗೆ ಕೂರಿಸಿದ ಪದಾರ್ಥ ದೇಹದ ಬೇರೆ ಭಾಗದಲ್ಲಿ ಏನು ಮಾಡಿತು ಎಂಬುದನ್ನು ಮನುಷ್ಯರಲ್ಲಿ ವರ್ಷಗಳ ಕಾಲ ಕಾದು ನೋಡುವ ಮೊದಲೇ ಸಾವಿರಾರು ಜನರಿಗೆ ಅದನ್ನು ಕೊಡಲಾಯಿತು. ಇದಕ್ಕಿಂತ ಸರಳವಾದ ದಾರಿ ಆಗಲೂ ಇತ್ತು. ನೀರು ಹಾಯಿಸುತ್ತ ಕಲ್ಲು ಕೊರೆಯುವುದು, ಸುರಂಗಕ್ಕೆ ಒಳ್ಳೆಯ ಗಾಳಿ ಕೊಡುವುದು, ಧೂಳು ಮೂಗಿಗೆ ಹೋಗದಂತೆ ತಡೆಯುವುದು. ಈ ದಾರಿಗೆ ಹಣ ಮತ್ತು ಶ್ರಮ ಬೇಕು. ಪುಡಿಯ ಡಬ್ಬಿ ಅಗ್ಗ.

ಮೂಳೆಯನ್ನು ಹಿಡಿದ ಗಾಜು

ಇಲ್ಲಿಯವರೆಗೆ ನಾವು ನೋಡಿದ್ದು ಗಾಜಿನ ಮೈಯನ್ನು ಮುಚ್ಚುವ ಯತ್ನಗಳನ್ನು. ಅದನ್ನು ಮುಚ್ಚದೆ, ಅದು ದೇಹದೊಳಗೆ ತಾನಾಗಿಯೇ ಬದಲಾಗುವಂತೆ ಮಾಡಿದರೆ?

1967ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಯುವ ವಿಜ್ಞಾನಿ ಲ್ಯಾರಿ ಹೆಂಚ್ ಒಂದು ಸಮ್ಮೇಳನಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದರು. ಪಕ್ಕದಲ್ಲಿ ಕುಳಿತಿದ್ದವರು ವಿಯೆಟ್ನಾಂ ಯುದ್ಧದಿಂದ ಮರಳಿದ್ದ ಕರ್ನಲ್ ಕ್ಲಿಂಕರ್. ಹೆಂಚ್ ಆಗ ವಿಕಿರಣವನ್ನು ತಡೆದುಕೊಳ್ಳುವ ಗಾಜುಗಳನ್ನು ಕುರಿತು ಕೆಲಸ ಮಾಡುತ್ತಿದ್ದರು. ಆ ಅಧಿಕಾರಿ ಕೇಳಿದ ಪ್ರಶ್ನೆಯ ಸಾರಾಂಶ ಇದು: ಅಷ್ಟು ವಿಕಿರಣವನ್ನು ತಾಳುವ ವಸ್ತುವನ್ನು ಮಾಡಬಲ್ಲಿರಾದರೆ, ಮನುಷ್ಯನ ದೇಹವನ್ನು ತಾಳುವ ವಸ್ತುವನ್ನು ಏಕೆ ಮಾಡಬಾರದು? ಗಾಯಾಳು ಸೈನಿಕರಿಗೆ ಇಟ್ಟ ಲೋಹ ಮತ್ತು ಪ್ಲಾಸ್ಟಿಕ್ ತುಂಡುಗಳನ್ನು ದೇಹ ಒಪ್ಪದೆ ಹೋಗುತ್ತಿದ್ದುದನ್ನು ಅವರು ಕಂಡಿದ್ದರು.

ಹೆಂಚ್ ಯೋಚಿಸಿದ್ದು ಹೀಗೆ. ಮೂಳೆಯ ಖನಿಜ ಭಾಗ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದದ್ದು. ಅದನ್ನು ತನ್ನ ಮೈಯ ಮೇಲೆ ಬೆಳೆಸಿಕೊಳ್ಳಬಲ್ಲ ಗಾಜಿದ್ದರೆ ದೇಹ ಅದನ್ನು ಪರಕೀಯವೆಂದು ತಳ್ಳಲಾರದು. ಅವರು ಆರಿಸಿಕೊಂಡ ಮಿಶ್ರಣದ ತೂಕದಲ್ಲಿ ನೂರಕ್ಕೆ 45 ಭಾಗ ಸಿಲಿಕಾ, 24.5 ಭಾಗ ಸೋಡಿಯಂ ಆಕ್ಸೈಡ್, 24.5 ಭಾಗ ಕ್ಯಾಲ್ಸಿಯಂ ಆಕ್ಸೈಡ್, 6 ಭಾಗ ರಂಜಕದ ಆಕ್ಸೈಡ್ ಇದ್ದವು. ಕಿಟಕಿಯ ಗಾಜಿನಲ್ಲಿ ಸಿಲಿಕಾ ಎಪ್ಪತ್ತರ ಆಸುಪಾಸಿನಲ್ಲಿರುತ್ತದೆ. ಇಲ್ಲಿ ಅದು ಕಡಿಮೆ. ಆದ್ದರಿಂದ ಈ ಗಾಜು ನೀರಿನಲ್ಲಿ ನಿಧಾನವಾಗಿ ಕರಗಬಲ್ಲದು. ಗಾಜಿನ ಕಾರ್ಖಾನೆಯವರ ಕಣ್ಣಿಗೆ ಇದು ಕೆಟ್ಟ ಗಾಜು.

1969ರಲ್ಲಿ ಶಸ್ತ್ರವೈದ್ಯ ಟೆಡ್ ಗ್ರೀನ್ಲೀ ಇದರ ಸಣ್ಣ ತುಂಡುಗಳನ್ನು ಇಲಿಗಳ ತೊಡೆಮೂಳೆಯಲ್ಲಿ ಇಟ್ಟರು. ಆರು ವಾರಗಳ ಬಳಿಕ ತೆಗೆಯಲು ಹೋದರೆ ತುಂಡುಗಳು ಬರಲೊಲ್ಲವು. ತಳ್ಳಿದರೂ, ಎಳೆದರೂ ಮೂಳೆಯನ್ನು ಬಿಡಲಿಲ್ಲ. 1971ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನುಷ್ಯ ಮಾಡಿದ ವಸ್ತುವೊಂದು ಜೀವಂತ ಮೂಳೆಯೊಡನೆ ಬೆಸೆದುಕೊಂಡಿತ್ತು.

ಆ ಆರು ವಾರಗಳಲ್ಲಿ ನಡೆದುದೇನು? ಮೊದಲು ಗಾಜಿನ ಮೈಯಲ್ಲಿದ್ದ ಸೋಡಿಯಂ ಹೊರಬಂದು ದೇಹದ್ರವದ ಜಲಜನಕ ಅದರ ಸ್ಥಾನಕ್ಕೆ ಸೇರುತ್ತದೆ. ಮೇಲ್ಮೈಯಲ್ಲಿ ಹೈಡ್ರಾಕ್ಸಿಲ್ ಗುಂಪುಗಳು ತುಂಬಿಕೊಳ್ಳುತ್ತವೆ. ಅವು ಒಂದಕ್ಕೊಂದು ಕೂಡಿ, ತುಂಬಾ ರಂಧ್ರಗಳಿರುವ ಸಿಲಿಕಾ ಲೋಳೆಯ ಪದರವಾಗುತ್ತದೆ. ಆ ಪದರದ ಮೇಲೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಬಂದು ಕೂರುತ್ತವೆ. ಕ್ರಮೇಣ ಮೂಳೆಯಲ್ಲಿರುವಂತಹದೇ ಅಪಟೈಟ್ ಎಂಬ ಖನಿಜವಾಗಿ ಹರಳುಗಟ್ಟುತ್ತವೆ. ಮೂಳೆ ಕಟ್ಟುವ ಜೀವಕೋಶಗಳು ಬಂದಾಗ ಅವುಗಳಿಗೆ ಎದುರಾಗುವುದು ಗಾಜಲ್ಲ, ಪರಿಚಯದ ಖನಿಜ. ಬಾಗಿಲು ತೆರೆಯುತ್ತದೆ.

ತಾತನ ಎದೆಯ ಧೂಳನ್ನು ಇಲ್ಲಿ ಮತ್ತೆ ನೆನೆಯಿರಿ. ಸಿಲಿಕಾ ಕರಗುವುದೇ ವಿಷಕ್ಕೆ ಕಾರಣವೆಂದು ಭಾವಿಸಿ ಅದನ್ನು ಕರಗದಂತೆ ಮಾಡಲು ಕೆನಡಾದವರು ಹೊರಟಿದ್ದರು. ಆದರೆ ಕೊಂದದ್ದು ಕರಗದ ಕಲ್ಲು. ಮೂಳೆಗೆ ಒಗ್ಗಿದ್ದು ಕರಗುವ ಗಾಜು.

ಕಿವಿ, ಹಲ್ಲು, ಸೊಂಟ

ಹೆಂಚ್ ಅವರ ಗಾಜು 1985ರಲ್ಲಿ ಮೊದಲು ಮನುಷ್ಯರ ಬಳಕೆಗೆ ಒಪ್ಪಿಗೆ ಪಡೆದದ್ದು ಕಿವಿಯೊಳಗಿನ ಸಣ್ಣ ಮೂಳೆಗಳ ಬದಲಿಗೆ ಇಡುವ ತುಂಡಿನ ರೂಪದಲ್ಲಿ. 1993ರಲ್ಲಿ ವಸಡಿನ ರೋಗದಿಂದ ಸವೆದ ದವಡೆಯ ಮೂಳೆಯನ್ನು ತುಂಬುವ ಪುಡಿ ಬಂದಿತು. ಬಳಿಕ ಇದೇ ಗಾಜಿನ ನುಣ್ಣನೆಯ ಪುಡಿ, ತಣ್ಣೀರು ತಗುಲಿದರೆ ಜುಮ್ಮೆನ್ನುವ ಹಲ್ಲುಗಳಿಗಾಗಿ ತಯಾರಿಸಿದ ಟೂತ್‌ಪೇಸ್ಟುಗಳಲ್ಲಿಯೂ ಸೇರಿತು. ಹೆಂಚ್ 2015ರಲ್ಲಿ ತೀರಿಕೊಂಡರು.

ಆದರೆ ಈ ಗಾಜಿಗೆ ಒಂದು ಕೊರತೆ ಇದೆ. ಅದು ಪೆಡಸು, ಮೈಭಾರ ಹೊರಲಾರದು. ಹಾಗಾದರೆ ಗಟ್ಟಿಯಾದ ಲೋಹಕ್ಕೆ ಇದನ್ನು ಲೇಪಿಸಬಾರದೇಕೆ? ನಮ್ಮ ಮನೆಗಳಲ್ಲಿದ್ದ ಎನಾಮಲ್ ತಟ್ಟೆಗಳನ್ನು ನೆನಪಿಸಿಕೊಳ್ಳಿ. ಅವೂ ತಗಡಿಗೆ ಗಾಜು ಬಳಿದು ಮಾಡಿದವೇ. ಕೆಳಗೆ ಬಿದ್ದರೆ ಚಕ್ಕೆ ಏಳುತ್ತಿದ್ದವು. ಹೆಂಚ್ ಅವರ ಗಾಜು ತಣಿಯುವಾಗ ಟೈಟಾನಿಯಂ ಲೋಹಕ್ಕಿಂತ ಹೆಚ್ಚು ಕುಗ್ಗುತ್ತದೆ. ಆದ್ದರಿಂದ ಲೇಪನ ಬಿರುಕು ಬಿಡುತ್ತದೆ. ಅಲ್ಲದೆ ಕರಗುವುದೇ ಅದರ ಗುಣವಾದ್ದರಿಂದ ಲೇಪನವೂ ಕಾಲಾಂತರದಲ್ಲಿ ಸವೆಯುತ್ತದೆ. ಒಂದು ಕಡೆಯ ಗುಣವೇ ಇನ್ನೊಂದು ಕಡೆ ದೋಷ.

ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ತದಾಶಿ ಕೊಕುಬೊ ಇದಕ್ಕೆ ಎರಡು ಪರಿಹಾರ ಹುಡುಕಿದರು. 1982ರಲ್ಲಿ ಗಾಜನ್ನು ಕಾಯಿಸಿ ಒಳಗೆ ಹರಳುಗಳು ಮೂಡುವಂತೆ ಮಾಡಿ ಹೆಚ್ಚು ಗಟ್ಟಿಯಾದ ಗಾಜು-ಪಿಂಗಾಣಿಯನ್ನು ಪ್ರಕಟಿಸಿದರು. ಬೆನ್ನೆಲುಬಿನ ಮಣಿಗಳ ಬದಲಿಗೆ ಇಡಲು ಅದು ಬಳಕೆಯಾಯಿತು. ಮುಂದೆ ಅವರು ಗಾಜನ್ನೇ ಬಿಟ್ಟು, ಟೈಟಾನಿಯಂ ಲೋಹದ ಮೈಯನ್ನು ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ನೆನೆಸಿ ಕಾಯಿಸಿದರು. ಆಗ ಲೋಹದ ಮೈಯೇ ಹೆಂಚ್ ಅವರ ಗಾಜಿನಂತೆ ವರ್ತಿಸಿ ಅಪಟೈಟನ್ನು ಬೆಳೆಸಿಕೊಳ್ಳುತ್ತದೆ. ಈ ವಿಧಾನದಿಂದ ಮಾಡಿದ ಸೊಂಟದ ಕೀಲುಗಳು 2007ರಿಂದ ಜಪಾನಿನಲ್ಲಿ ಬಳಕೆಗೆ ಬಂದವು. ಗಾಜಿನಿಂದ ಕಲಿತ ಪಾಠವನ್ನು ಲೋಹ ಒಪ್ಪಿಸಿತು.

ನಿಮ್ಮಲ್ಲಿ ಯಾರಾದರೂ ಹಲ್ಲಿಗೆ ಬಿಳಿಯ ಬಣ್ಣದ ಸಿಮೆಂಟು ತುಂಬಿಸಿಕೊಂಡಿದ್ದರೆ, ಮೈ ಬದಲಿಸಿದ ಗಾಜು ನಿಮ್ಮ ಬಾಯಿಯಲ್ಲಿಯೇ ಇರಬಹುದು. ಅಮೆರಿಕದ ರೇಫೆಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ಮಿಶ್ರಣದಲ್ಲಿ ಅಂಟಿನ ನಡುವೆ ಸಿಲಿಕಾದ ಪುಡಿ ಇರುತ್ತದೆ. ಪುಡಿಯನ್ನು ಹಾಗೆಯೇ ಬೆರೆಸಿದರೆ ಅಂಟು ಅದನ್ನು ಹಿಡಿಯದು, ಎಂಜಲಿನ ನೀರು ನಡುವೆ ನುಸುಳುತ್ತದೆ. ಆದ್ದರಿಂದ ಪ್ರತಿ ಕಣಕ್ಕೂ ಸಿಲೇನ್ ಸಂಯುಕ್ತವನ್ನು ಲೇಪಿಸುತ್ತಾರೆ. ಅದರ ಒಂದು ತುದಿ ಗಾಜನ್ನು ಹಿಡಿಯುತ್ತದೆ, ಇನ್ನೊಂದು ಅಂಟನ್ನು ಹಿಡಿಯುತ್ತದೆ. ಎರಡು ಭಾಷೆ ಬಲ್ಲ ನಂಗಲಿಯ ಅಂಗಡಿಯವರಂತೆ ಅದು ಎರಡು ಕಡೆಗೂ ಸಲ್ಲುತ್ತದೆ.

ಗಾಜು ಎಂದರೆ ಹಳೆಯ ವಿಷಯ, ಅದರಲ್ಲಿ ಕಲಿಯುವುದಕ್ಕೇನಿದೆ ಎಂದು ವಿದ್ಯಾರ್ಥಿಗಳು ಭಾವಿಸಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಗಾಜನ್ನು ಅಭ್ಯಸಿಸಿದ ಪ್ರೊ. ಕೆ.ಜೆ. ರಾವ್ ಅವರು ಗಾಜುಗಳ ರಾಸಾಯನಿಕ ರಚನೆಯನ್ನು ಕುರಿತು ಬರೆದ ದೊಡ್ಡ ಗ್ರಂಥ 2002ರಲ್ಲಿ ಪ್ರಕಟವಾಯಿತು. ಕ್ರಮವಿಲ್ಲದೆ ನಿಂತ ಪರಮಾಣುಗಳಲ್ಲಿಯೂ ತಿಳಿಯಬೇಕಾದ ನಿಯಮಗಳು ಎಷ್ಟಿವೆ ಎಂಬುದಕ್ಕೆ ಅದು ಸಾಕ್ಷಿ.

ಕೊನೆಯ ಮಾತು

ಈ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಕಥೆಯಲ್ಲಿ ಮೂರು ದಾರಿಗಳು ಕಾಣುತ್ತವೆ. ಗಾಜಿನ ಮೈಯನ್ನು ಮರೆಮಾಡುವುದು ಒಂದು. ಮೇಣ ಮತ್ತು ಸಿಲಿಕೋನ್ ಈ ದಾರಿಯವು. ಗಾಜಿನ ಮೈಗೆ ಸೇತುವೆ ಕಟ್ಟುವುದು ಎರಡನೆಯದು. ಹಲ್ಲಿನ ಸಿಮೆಂಟಿನ ಸಿಲೇನ್ ಅಂತಹುದು. ದೇಹದ ಸಹಾಯದಿಂದಲೇ ಗಾಜಿನ ಮೈ ಬದಲಾಗಲು ಬಿಡುವುದು ಮೂರನೆಯದು. ಹೆಂಚ್ ಹಿಡಿದದ್ದು ಈ ದಾರಿ. ಗೆದ್ದ ಕಡೆಗಳಲ್ಲೆಲ್ಲ ದೇಹ ಕೊಡುವ ಉತ್ತರಕ್ಕೆ ಕಾದು, ಅದನ್ನು ಒಪ್ಪಿಕೊಂಡು ಮುಂದುವರಿದಿದ್ದಾರೆ. ಒಂಟಾರಿಯೋದ ಮುಚ್ಚಿದ ಕೋಣೆಯಲ್ಲಿ ಮಾತ್ರ ಯಾರೂ ಕಾಯಲಿಲ್ಲ, ಕಾರ್ಮಿಕರನ್ನು ಕೇಳಲೂ ಇಲ್ಲ.

ಕೋಲಾರದ ಗಣಿಗಳು ಮುಚ್ಚಿವೆ. ಆದರೆ ಕಲ್ಲು ಒಡೆಯುವ, ಕೊರೆಯುವ, ಕೆತ್ತುವ ಕೆಲಸ ನಮ್ಮ ಸುತ್ತಮುತ್ತ ನಿಂತಿಲ್ಲ. ಉಸಿರಿನೊಳಗೆ ಹೋದ ಧೂಳಿನ ಮೈಯನ್ನು ಹದಗೊಳಿಸುವ ಲೇಪನವಾಗಲಿ, ಸಿಲಿಕೋಸಿಸ್ ಅನ್ನು ಪೂರ್ತಿ ಗುಣಪಡಿಸುವ ಔಷಧವಾಗಲಿ ಇಂದಿಗೂ ಇಲ್ಲ. ನಿಮ್ಮ ಊರಿನಲ್ಲಿ ಯಂತ್ರದಿಂದ ಕಲ್ಲು ಕೊಯ್ಯುತ್ತಿದ್ದರೆ ಒಮ್ಮೆ ನಿಂತು ನೋಡಿ: ಗರಗಸದ ಮೇಲೆ ನೀರು ಬೀಳುತ್ತಿದೆಯೇ? ಕೆಲಸಗಾರರ ಮೂಗಿಗೆ ಸರಿಯಾದ ರಕ್ಷಣೆ ಇದೆಯೇ? ಇಲ್ಲವಾದರೆ, ಏಕೆ ಬೇಕು ಎಂಬುದನ್ನು ಈಗ ನೀವು ಅವರಿಗೆ ವಿವರಿಸಬಲ್ಲಿರಿ. ನಮ್ಮ ಬೀದಿಯ ತಾತನಿಗೆ ಅದನ್ನು ಹೇಳಲು ಅವರ ಹರೆಯದಲ್ಲಿ ಯಾರೂ ಇರಲಿಲ್ಲ.